ಪಾಯಿಂಟ್ ನಾಲ್ಕು ಎರಡು

ಸೋಮವಾರ ಮಾತ್ರ ಸಾಯುತ್ತಿತ್ತು ಕಾರು.
ಮಿಕ್ಕ ದಿನ ನಸುಕಿಗೇ ಎದ್ದು
ಮಂಡಕ್ಕಿ ಚೀಲ ಹೊತ್ತು
ಹರಿಹರದ ಅಂಗಡಿಗಳಿಗೆ ಕೆಮ್ಮುತ್ತ ಹೋಗಿಬರುವ ಎಸ್ಟೀಮು
ಭಾನುವಾರ ಭಟ್ಟಿ ಆರಿಸಿದ ಮಾರನೆಯ ಬೆಳಗ್ಗೆ
ಕೀ ತಿರುವಿದರೆ ‘ಟಿಕ್’ ಅನ್ನುತ್ತಿತ್ತು,
ಹಲ್ಲಿ ಲೊಚಗುಟ್ಟಿದ ಹಾಗೆ, ಒಂದೇ ಸಲ.

ಹೊಸ ಬ್ಯಾಟರಿ ಹಾಕಿಸಿದೆ.
ಅದೂ ಎರಡನೇ ಸೋಮವಾರಕ್ಕೆ ಮಲಗಿತು.
ಆಗ ನನಗೆ ಖಾತ್ರಿಯಾಯಿತು, ಇದು ಓಬಳೇಶನ ಕೆಲಸ.
ರಜೆಗೂ ಊರಿಗೆ ಹೋಗದೆ ಭಟ್ಟಿಯಲ್ಲೇ ಉಳಿಯುವ ಹುಡುಗ,
ಕಾರೊಳಗೆ ಕಾಲು ಚಾಚಿ ರೇಡಿಯೋ ಕೇಳುವುದನ್ನು
ಒಮ್ಮೆ ಕಣ್ಣಾರೆ ಕಂಡಿದ್ದೆ.
ಕೀ ಕಸಿದುಕೊಂಡೆ. ಪಗಾರದಲ್ಲಿ ಐನೂರು ಹಿಡಿದೆ.
‘ನಾನಲ್ರೀ ಅಕ್ಕಾರ’ ಅಂದ,
ಒಂದೇ ಸಲ, ಅವನೂ.

ಕೀ ನನ್ನ ಸೊಂಟದಲ್ಲಿದ್ದಾಗಲೂ
ಮೂರನೇ ಸೋಮವಾರ ಸತ್ತಿತು.
ಕಳ್ಳಗೀಲಿ ಮಾಡಿಸಿದ್ದಾನು ಅಂದುಕೊಂಡೆ.

ಹಳೇ ಪಿ.ಬಿ. ರಸ್ತೆಯ ದಾದಾಪೀರ್ ಬಂದ,
ಕಿವಿಗೆ ಸಿಕ್ಕಿಸಿದ ಟೆಸ್ಟರು, ಕೈಯಲ್ಲಿ ಹಳದಿ ಮೀಟರು.
ನನ್ನ ಪುರಾಣ ಕೇಳಲಿಲ್ಲ.
ನೆಗೆಟಿವ್ ವೈರು ಬಿಚ್ಚಿ, ನಡುವೆ ಮೀಟರ್ ಕೂರಿಸಿ,
ಬಾಗಿಲೆಲ್ಲ ಹಾಕಿಸಿ, ಎಲೆಗೆ ಸುಣ್ಣ ಸವರಿದ.
‘ತಡೀರಿ ಅಕ್ಕಾ. ಗಾಡೀನೂ ನಿದ್ದಿ ಹತ್ತಾಕ ಟೈಮ್ ತಗೋತೈತಿ.’
ಸೊನ್ನೆ ಪಾಯಿಂಟ್ ನಾಲ್ಕು ಎರಡು.
ನಿದ್ದೆಯಲ್ಲಿದ್ದ ಗಾಡಿಯನ್ನು
ಯಾರೋ ಕುಡಿಯುತ್ತಲೇ ಇದ್ದರು.

ಒಂದೊಂದೇ ಫ್ಯೂಸು ಕಿತ್ತ, ಅಕ್ಕಿಯ ಕಲ್ಲು ಆರಿಸುವವರಂತೆ.
ಹಾರ್ನು. ನಾಲ್ಕು ಎರಡು.
ವೈಪರು. ನಾಲ್ಕು ಎರಡು.
ರೇಡಿಯೋದ್ದು ಕೀಳುವಾಗ ನಾನು ಮೀಟರ್ ನೋಡಲಿಲ್ಲ,
ಓಬಳೇಶನ ಮುಖ ನೋಡಿದೆ.
ಅವನು ಮೀಟರ್ ನೋಡುತ್ತಿದ್ದ.
‘ನಾಲ್ಕು ಎರಡು,’ ಅಂದ ದಾದಾಪೀರ್, ಎಲೆ ಜಗಿಯುತ್ತ.

ಕೆಳಸಾಲಿನ ಮೂಲೆಯ ಫ್ಯೂಸು ಎದ್ದಾಗ
ಒಲೆ ಆರಿಸಿದೊಡನೆ ಹಾಲು ಇಳಿದ ಹಾಗೆ
ಇಳಿದುಹೋಯಿತು ಅಂಕಿ.
‘ಲೈಟಿನ ಲೈನು.’
ಸೀಟಿನ ಮೇಲಿನ ದೀಪ ಆರಿತ್ತು, ಎಲ್ಲರಿಗೂ ಕಾಣುತ್ತಿತ್ತು.
ಉಳಿದದ್ದು ಡಿಕ್ಕಿ.
ತೆರೆದರೆ ಉರಿಯುತ್ತದೆ, ಉರಿಯಲೇಬೇಕು.
ಮುಚ್ಚಿದ ಮೇಲೆ ಏನಾಗುತ್ತದೆಂದು
ಹೊರಗೆ ನಿಂತವರು ಹೇಗೆ ಹೇಳುವುದು?

‘ತೆಳ್ಳಗಿರೋರು ಯಾರದೀರಿ?’
ಓಬಳೇಶ ಚಪ್ಪಲಿ ಬಿಟ್ಟು ಒಳಗೆ ಹತ್ತಿದ,
ಗಲ್ಲಕ್ಕೆ ಮೊಣಕಾಲು ತಾಗಿಸಿ ಮುದುಡಿದ.
ಮುಚ್ಚಿದ್ದು ನಾನು.
ಭಟ್ಟಿಯಲ್ಲಿ ಕಾದ ಮರಳಿನ ಸದ್ದು.
ತಗಡಿನೊಳಗಿಂದ ದನಿ, ಬಾವಿಯಿಂದ ಬಂದಂತೆ:
‘ಉರಿಯಾಕತ್ತೈತ್ರೀ ಅಕ್ಕಾರ.’
ತೆರೆಯಲು ನನಗೆ ಕೊಂಚ ಹೊತ್ತು ಹಿಡಿಯಿತು.
ಕೀಗೆ ತೂತು ಸಿಗಲಿಲ್ಲ.

ಸ್ವಿಚ್ಚು ಒತ್ತಬೇಕಿದ್ದ ರಬ್ಬರಿನ ಮೊಟ್ಟು
ಮುಚ್ಚಳದಿಂದ ಕಿತ್ತು ಬಿದ್ದಿತ್ತು, ಕಡಲೆ ಗಾತ್ರದ್ದು.
ಮಂಡಕ್ಕಿ ಪುಡಿಯ ಜತೆ ಅವನ ಮೊಣಕೈಗೇ ಅಂಟಿಕೊಂಡು ಬಂತು.
ಮೂರು ಚೀಲದ ಜಾಗಕ್ಕೆ ನಾಲ್ಕನೆಯದನ್ನು
ಮಂಡಿಯೂರಿ ತುರುಕುವವಳು ನಾನು.
‘ದಿನಾ ಓಡಿದ್ರ ತುಂಬ್ಕೊಂತೈತಿ.
ಐತಾರ ತುಂಬಾಕ ಯಾರದಾರ?’
ಸೈಕಲ್ ಟ್ಯೂಬಿನ ಚೂರು ಅಂಟಿಸಿ ದಾದಾಪೀರ್
ಎಂಬತ್ತು ರೂಪಾಯಿ, ಒಂದು ಸೇರು ಮಂಡಕ್ಕಿ ತಗೊಂಡ.
ಎಷ್ಟು ಭಾನುವಾರ, ಆ ಮುಚ್ಚಿದ ತಗಡಿನಲ್ಲಿ,
ಖಾಲಿ ಗೋಣಿಗಳಿಗೆ ಬೆಳಕು!

ಮುಂದಿನ ಸೋಮವಾರ, ಇನ್ನೂ ಕತ್ತಲು.
ರೂಢಿಯಂತೆ ಓಬಳೇಶ ಹಿಂದೆ ನಿಂತು
ನೂಕಲು ಡಿಕ್ಕಿಗೆ ಎರಡೂ ಕೈ ಕೊಟ್ಟಿದ್ದ.
ಕೀ ತಿರುವಿದೆ.
ಎಂಜಿನ್ ಹೊತ್ತಿದರೂ ಅವನು ಅಲ್ಲೇ ಇದ್ದ,
ಹೊಗೆಯಲ್ಲಿ, ಕೈ ಚಾಚಿಕೊಂಡು.
ನಾನು ಪಕ್ಕದ ಸೀಟಿಗೆ ಸರಿದೆ.

ದೊಡ್ಡಬಾತಿ ದಾಟುವವರೆಗೂ ಅವನು ರೇಡಿಯೋ ಮುಟ್ಟಲಿಲ್ಲ.
ಆಮೇಲೆ ನಾನೇ ಹಚ್ಚಿದೆ.
ಯಾವುದೋ ಗೊಬ್ಬರದ ಜಾಹೀರಾತು.
ಐನೂರರ ನೋಟು ನನ್ನ ಪರ್ಸಿನಲ್ಲೇ ಇತ್ತು.
ಹರಿಹರ ಬರಲಿ, ಕೊಡೋಣ ಅಂದುಕೊಂಡೆ.