ಯಾದೃಚ್ಛಿಕ

ಒಪ್ಪಿಗೆ ಪತ್ರದ ಮೂರನೇ ಪುಟದಲ್ಲಿ
ನಾನೇ ಕನ್ನಡಕ್ಕೆ ತಂದ ಪದ.
ಬಂಗಾರಮ್ಮ ಅದರ ಮೇಲೆ ಬೆರಳಿಟ್ಟು
“ಇದೇನ್ರೀ, ನಾಲಿಗೆ ಹೊರಳಲ್ಲ” ಅಂದಳು.
“ಚೀಟಿ ಎತ್ತೋದು ಅಂತ.
ಪ್ಲೇಟ್‌ಲೆಟ್ ಇಪ್ಪತ್ತು ಸಾವಿರಕ್ಕಿಳಿದ ಕೂಡಲೇ ಕೊಡೋದು ಒಂದು ಗುಂಪು,
ಹತ್ತಕ್ಕಿಳಿಯೋ ತನಕ ಕಾಯೋದು ಇನ್ನೊಂದು.
ಯಾವುದು ಮಕ್ಕಳಿಗೆ ಒಳ್ಳೇದೋ
ನಮಗೂ ಗೊತ್ತಿಲ್ಲ, ಅದಕ್ಕೇ ಈ ಕಾಗದ.”

ಆನಂದಪುರದಿಂದ ಬೆಳಗಿನ ಬಸ್ಸಿಗೆ ಬಂದವಳು,
ಶಿವಮೊಗ್ಗದ ಇಷ್ಟು ದೊಡ್ಡ ಆಸ್ಪತ್ರೆಗೂ
ಗೊತ್ತಿಲ್ಲದ್ದು ಇದೆಯೆಂದು ಕೇಳಿ
ಯಾಕೋ ಸ್ವಲ್ಪ ಸಡಿಲಾದಳು; ಸಹಿ ಮಾಡಿದಳು.

ಪೂರ್ವಿಕಳಿಗೆ ಆರು ವರ್ಷ.
ಮೊಣಕಾಲ ಕೆಳಗಿನ ಕೆಂಪು ಚುಕ್ಕಿಗಳನ್ನು
ನೀಲಿ ಪೆನ್ನಲ್ಲಿ ಸೇರಿಸಿ ರಂಗೋಲಿ ಎಳೆಯುತ್ತಿದ್ದಾಳೆ.
ಅವನ್ನೇ ಎಣಿಸಿ ನಾನು ಫಾರಂ ತುಂಬಬೇಕು.
“ಮುಟ್ಟಬೇಡಿ, ಇನ್ನೂ ಎರಡು ಚುಕ್ಕಿ ಬೇಕು.”

ಕೆಳಗೆ ರಕ್ತನಿಧಿಯಲ್ಲಿ ಹಳದಿ ಚೀಲಗಳು
ಹಗಲೂ ರಾತ್ರಿ ತೂಗುತ್ತಲೇ ಇರುತ್ತವೆ,
ನಿಂತರೆ ಮುದ್ದೆಗಟ್ಟುತ್ತವೆ. ಐದೇ ದಿನದ ಆಯುಸ್ಸು.
ನಿನ್ನೆ ಸಂಜೆ ಗುಡುಗಿಗೆ ಕರೆಂಟು ಹೋಗಿ
ಜನರೇಟರ್ ಕೆಮ್ಮುತ್ತಾ ಕೂತಾಗ
ಇಮ್ತಿಯಾಜ್ ಅವನ್ನು ಅಂಗೈಯಲ್ಲಿಟ್ಟು ತೂಗಿದನಂತೆ,
ಎಡಕ್ಕೆ ಬಲಕ್ಕೆ, ಇಪ್ಪತ್ತು ನಿಮಿಷ.
ಮೂರು ಮಕ್ಕಳ ಅಪ್ಪ, ಯಾರೂ ಹೇಳಿಕೊಡಬೇಕಿರಲಿಲ್ಲ.

ಚೀಟಿ ಬಂತು: ಹತ್ತರ ಗುಂಪು.
ಬೆಳಗಿನ ಎಣಿಕೆ: ಹನ್ನೊಂದು ಸಾವಿರ.

“ಹಂಗಾದ್ರೆ ಚೀಲ ಕೆಳಗೇ ಇರುತ್ತೆ, ನಾವು ಮೇಲೆ”
ಅಂದಳು ಬಂಗಾರಮ್ಮ, ಕೇಳಿದ್ದೋ ಹೇಳಿದ್ದೋ.
“ಮೂಗಲ್ಲಿ ಒಂದು ಹನಿ ಕಂಡರೂ ಚೀಟಿ ನೋಡಲ್ಲ, ಕೊಟ್ಟುಬಿಡ್ತೀವಿ.”
ಅದೂ ಪತ್ರದಲ್ಲಿತ್ತು, ಐದನೇ ಪುಟ,
ಸುಲಭದ ಕನ್ನಡದಲ್ಲೇ ಬರೆದಿದ್ದೆ.

ನನ್ನ ಡ್ಯೂಟಿ ಎಂಟಕ್ಕೆ ಮುಗಿಯಿತು.
ಹೊಳೆ ಸೇತುವೆವರೆಗೆ ಹೋಗಿ ಸ್ಕೂಟರ್ ತಿರುಗಿಸಿದೆ.
ಮಲಗಿದವಳ ಮೂಗಿನ ಬಳಿ
ಅವಳಮ್ಮ ಟಾರ್ಚ್ ಹಿಡಿದು ಕೂತಿದ್ದಳು,
ಗಾಜಿಗೆ ಬೆರಳು ಅಡ್ಡ ಇಟ್ಟು,
ಬೆಳಕು ಕೆಂಪಗೆ ಸೋಸಿ ಬರುವ ಹಾಗೆ.