ಕ್ರೇನಿನವನು ಬೆಟ್ಟ ಸುತ್ತಿದ್ದು

ಬಿರ್ಕತ್ ಅಲ್ ಮೌಜ್ ದಾಟಿದ ಮೇಲೆ ಪೊಲೀಸ್ ಚೌಕಿ.
ನಾಲ್ಕೂ ಗಾಲಿ ಎಳೆಯುವ ಗಾಡಿಯಾದರೆ ಮಾತ್ರ ಮೇಲೆ ಬಿಡುತ್ತಾರೆ;
ಕೂತವರ ಮಂಡಿ ಎಳೆಯುತ್ತದೋ ಇಲ್ಲವೋ ಯಾರೂ ಕೇಳಲಿಲ್ಲ.
ಹಿಂದಿನ ಸೀಟಿನಲ್ಲಿ ಉಪಾಧ್ಯೆ ಡಬ್ಬಿ ಎಣಿಸುತ್ತಿದ್ದ:
ಹೊತ್ತು ಮುಳುಗುವ ಮೊದಲು ಅವನ ಊಟ ಮುಗಿಯಬೇಕು,
ಬೆಟ್ಟ ಎಷ್ಟೇ ಎತ್ತರವಿರಲಿ, ಸೂರ್ಯ ಎಷ್ಟೇ ತಡಮಾಡಲಿ.

ಮಸ್ಕತ್ತಿನಲ್ಲಿ ಹನ್ನೊಂದು ವರ್ಷ, ಎಪ್ಪತ್ತು ಮೀಟರ್ ಮೇಲೆ
ಗಾಜಿನ ಗೂಡಿನಲ್ಲಿ ಕೂತು ದಿನವಿಡೀ ಸುತ್ತುವವನು ನಾನು.
ಕಬ್ಬಿಣ ಎತ್ತಿ, ತಿರುಗಿಸಿ, ಇಳಿಸಿ, ಮತ್ತೆ ಖಾಲಿ ಕೊಕ್ಕೆ.
ಗಾಣದೆತ್ತಿಗಾದರೂ ಎಣ್ಣೆಯ ವಾಸನೆ ಸಿಗುತ್ತದೆ.
ನಾಸಿರ್ ರೇಡಿಯೋದಲ್ಲಿ ಕರೆದ: "ಶುಕ್ರವಾರ ನಮ್ಮ ಬೆಟ್ಟಕ್ಕೆ ಬಾ.
ಅಲ್ಲೂ ಸುತ್ತೇ. ಆದರೆ ನೀನೇ ನಡೆಯಬೇಕು."

ನಾಸಿರ್ ಅಂದರೆ ನನಗೆ ಒಂದು ಹಳದಿ ಹೆಲ್ಮೆಟ್ಟಿನ ನೆತ್ತಿ,
ಅದರ ಅಕ್ಕಪಕ್ಕ ಎರಡು ಕೈ.
ಮುಖವನ್ನು ಸರಿಯಾಗಿ ನೋಡಿದ್ದು ಇವತ್ತೇ:
ಗಡ್ಡದಲ್ಲಿ ಬೂದಿ, ಎಡಹುಬ್ಬು ಸೀಳಿದ ಗೆರೆ.

ದಾರಿ ತೋರಲು ಬಂಡೆಗಳ ಮೇಲೆ ಬಣ್ಣದ ಪಟ್ಟಿ,
ಹಳದಿ, ಬಿಳಿ, ಕೆಂಪು.
"ನಮ್ಮ ಬಾವುಟದ ನಡುವೆ ಯಾರಲೇ ಸುಣ್ಣ ಬಳಿದವರು?"
ಬೆಳಗಾವಿಯವನಿಗೆ ಬಾವುಟದ ಮೇಲೆ ಕಣ್ಣು ಜಾಸ್ತಿ.

ಕಾಡು ಅಂದರೆ ಇಷ್ಟೆ: ಮರದಿಂದ ಮರಕ್ಕೆ ಒಂದು ಕೂಗಿನ ದೂರ.
ಜೂನಿಪರ್. ನಾಸಿರನ ಬಾಯಲ್ಲಿ ಅಲಲಾನ್.
ಅರ್ಧ ಮೈ ಸತ್ತು ಎಲುಬಿನಂತೆ ಬೆಳ್ಳಗೆ,
ಉಳಿದರ್ಧ ಏನೂ ಆಗಿಲ್ಲವೆಂಬಂತೆ ಹಸಿರು.
ಬಿದ್ದ ಚಕ್ಕೆಯೊಂದನ್ನು ಮುರಿದು ಮೂಗಿಗೆ ಹಿಡಿದೆ:
ಆಗಷ್ಟೇ ಕೆತ್ತಿದ ಪೆನ್ಸಿಲ್.
ಶಾಲೆ, ಮೇಷ್ಟ್ರು, ಮಳೆ ಯಾವುದೂ ನೆನಪಾಗಲಿಲ್ಲ.
ಪೆನ್ಸಿಲ್ ಮಾತ್ರ.

ಪ್ರದಕ್ಷಿಣೆ ಅಂದರೆ ನಡುವೆ ದೇವರಿರಬೇಕು.
ಇಲ್ಲಿ ನಡುವೆ ಇದ್ದದ್ದು ಕಣಿವೆ;
ಅದರ ತಳದಲ್ಲಿ ಕಣ್ಣಿಗೆ ಬೀಳದ ಒಂದು ಆಡು
ತನ್ನ ದನಿಯನ್ನು ತಾನೇ ಎರಡು ಸಲ ಕೇಳಿಸಿಕೊಳ್ಳುತ್ತಿತ್ತು.

ಮೂರನೇ ತಿರುವಿನಲ್ಲಿ ದಾರಿ ಒಂದೇ ಮೊಳ ಅಗಲ.
ಬಲಕ್ಕೆ ಬಂಡೆ. ಎಡಕ್ಕೆ ಏನೂ ಇಲ್ಲ.
ಕಾಲು ನಿಂತಿತು.
ನಗಬೇಡಿ. ಅಲ್ಲಿ ಮೇಲೆ ಕೈಯಲ್ಲಿ ಲಿವರ್ ಇರುತ್ತದೆ,
ಬಿದ್ದರೆ ಬೀಳುವುದು ಸರಕು, ನಾನಲ್ಲ.
ಇಲ್ಲಿ ಕೈ ಬರಿದು. ಅಂಗಾಲಿನಡಿ ಸಡಿಲ ಕಲ್ಲೊಂದು
ಹೋಗಲೋ ಬೇಡವೋ ಎಂದು ಯೋಚಿಸುತ್ತಿತ್ತು.
ಬೆನ್ನ ಹಿಂದೆ ಉಪಾಧ್ಯೆ ಣಮೋಕಾರ ಶುರುಮಾಡಿದ,
ನನಗಾಗಿಯೋ ತನಗಾಗಿಯೋ.

ನಾಸಿರ್ ಆಚೆ ತುದಿ ತಲುಪಿ ತಿರುಗಿ ನಿಂತ.
ಹೆದರಬೇಡ ಅನ್ನಲಿಲ್ಲ. ಹಿಡಿದುಕೋ ಎಂದು ಕೈ ಚಾಚಲಿಲ್ಲ.
ಎದೆಯ ಮಟ್ಟಕ್ಕೆ ಎರಡೂ ಕೈ ತಂದು
ಒಂದರ ಮುಂದೆ ಒಂದಿಟ್ಟ: ನಿಧಾನ.
ಬೆರಳು ತೋರಿದ: ಈ ಕಡೆ, ಇನ್ನೂ, ಇನ್ನೂ.
ಅಂಗೈ ಕೆಳಮುಖ: ನಿಲ್ಲು.
ಒಂದು ಉಸಿರು.
ಮತ್ತೆ ನಿಧಾನ.
ನಾಲ್ಕು ವರ್ಷ ದಿನವೂ ಓದಿದ ಕೈ ಇವು,
ಒಮ್ಮೆಯೂ ನನಗೆ ಸುಳ್ಳು ಹೇಳಿಲ್ಲ.
ಕಣ್ಣನ್ನು ಅಲ್ಲೇ ನೆಟ್ಟು ಬಂದೆ,
ಕೊಕ್ಕೆಯಲ್ಲಿ ತೂಗುವ ಸರಳಿನ ಕಟ್ಟಿನ ಹಾಗೆ
ಒಂಚೂರು ತೂರಾಡುತ್ತ. ಇಳಿಸಿದಲ್ಲಿ ಕೂತೇಬಿಟ್ಟೆ.
ನಾಸಿರ್ ಹೊಟ್ಟೆಯ ಮೇಲೆ ಎರಡೂ ಕೈ ಹೆಣೆದ:
ಎಲ್ಲ ಬಿಗಿ ಮಾಡು, ಕೆಲಸ ಮುಗಿಯಿತು.

ಉಳಿದದ್ದು ಇಳಿಜಾರು. ಹೇಳುವಂಥದ್ದೇನಿಲ್ಲ.
ಉಪಾಧ್ಯೆಯ ತಾಲಿಪೆಟ್ಟನ್ನು ಆಡು ತಿಂದಿತು,
ಹೊತ್ತು ಮುಳುಗುವ ಮೊದಲೇ.
ಸುತ್ತಿ ಸುತ್ತಿ ಸುಂಕದ ಕಟ್ಟೆಗೇ ಬಂದೆವು:
ಅದೇ ಚೌಕಿ, ಆಕಳಿಸುವ ಅದೇ ಪೊಲೀಸ್.

ಶನಿವಾರ ಬೆಳಗಿನ ಆರಕ್ಕೆ ಏಣಿ ಹತ್ತಿದೆ. ತೊಡೆ ಬಿಗಿದಿತ್ತು.
ಜೇಬಿನಿಂದ ಅಲಲಾನಿನ ಒಂದು ನೀಲಿ ಕಾಯಿ
ಗಾಜಿನ ನೆಲಕ್ಕೆ ಜಾರಿ, ಬೂಮು ತಿರುಗಿದ ಕಡೆಗೆ ಉರುಳಿ
ಸರಿಯಾಗಿ ಕೆಳಗಿನ ಹಳದಿ ನೆತ್ತಿಯ ಮೇಲೆ ನಿಂತಿತು.
ಅಷ್ಟು ದೊಡ್ಡ ಆಳು ಅದರಡಿ ಪೂರಾ ಮರೆ.
ಬೂಟಿನ ತುದಿಯಿಂದ ಮೆಲ್ಲಗೆ ಸರಿಸಿದೆ.
ಕೈ ಕಾಣಬೇಕಲ್ಲ.