ಕೋವಿ ಠಾಣೆಯಲ್ಲಿದೆ

ಚುನಾವಣೆ ಘೋಷಣೆಯಾದ ಮಾರನೆಯ ದಿನವೇ
ಮಂದಪ್ಪನ ಕೋವಿ ಆಟೋ ಹತ್ತಿ ಠಾಣೆಗೆ ಹೋಯಿತು,
ಹಳೆಯ ಸೀರೆ ಸುತ್ತಿಕೊಂಡು
ಹೆರಿಗೆಗೆ ಹೊರಟವಳ ಹಾಗೆ.
ರಸೀತಿ ಬಂತು: ನಳಿಕೆ ಒಂದು, ಮರದ ಹಿಡಿ ಒಂದು.
ಷರಾ: ಹಳೇ ಕಾಲದ್ದು.

ನಮ್ಮ ಬಳಿ ಉಳಿದದ್ದು ಮದ್ದು.
ಅದೂ ಇನ್ನೂ ಮದ್ದಾಗಿರಲಿಲ್ಲ,
ಮೂರು ಡಬ್ಬಿಗಳಲ್ಲಿ ಮುಖ ತಿರುಗಿಸಿಕೊಂಡು ಕೂತಿತ್ತು
ಪೆಟ್ಲುಪ್ಪು, ಗಂಧಕ, ಇದ್ದಿಲು ಎಂದು.

ಮೂವತ್ತೊಂದು ವರ್ಷ ಮತ್ತಿಕೆರೆಯಲ್ಲಿ
ಮದ್ದಿನಂಗಡಿ ನಡೆಸಿದವಳು ನಾನು.
ಜ್ವರಕ್ಕೆ, ಸಕ್ಕರೆಗೆ, ನಿದ್ದೆ ಬಾರದವರಿಗೆ
ಡಾಕ್ಟರರ ಇರುವೆಸಾಲು ಓದಿ ಓದಿ ಕಣ್ಣು ಸವೆಸಿದವಳು.
ಈ ಮದ್ದಿಗೆ ಚೀಟಿಯಿಲ್ಲ.
‘ಕನ್ನಡ ಮಹಾ ಜಿಪುಣ ಭಾಷೆ, ವಿಮಲಾಕ್ಷಕ್ಕ,
ಬದುಕಿಸುವುದಕ್ಕೂ ಸಿಡಿಸುವುದಕ್ಕೂ ಒಂದೇ ಮಾತು’
ಎನ್ನುತ್ತಾನೆ ಮಂದಪ್ಪ.
ವಶ ಮಾಡಿಕೊಳ್ಳುವುದಕ್ಕೂ ಅದೇ, ಎಂದೆ.
ನಮ್ಮತ್ತೆ ಸಾಯುವ ತನಕ ನನ್ನ ಮೇಲೆ ಹೇಳಿದ ದೂರು ಅದೊಂದೇ:
ಮಗನಿಗೆ ಮದ್ದು ಹಾಕಿದಳು.

ಭಾನುವಾರ, ತಿಮ್ಮರಾಯಪ್ಪನ ತಾರಸಿ.
ಕೈಗಡಿಯಾರದ ಕಾರ್ಖಾನೆ ಮುಚ್ಚಿದ ದಿನ ಅವನು ಮನೆಗೆ ತಂದದ್ದು
ಒಂದು ಚಿಮಟ, ಒಂದು ಭೂತಗನ್ನಡಿ, ಹಿಡಿಯಷ್ಟು ಸ್ಪ್ರಿಂಗು.
ಕೂದಲೆಳೆಯ ಉಕ್ಕು ಪಳಗಿಸಿದ ಬೆರಳುಗಳು
ಕೋವಿಯ ಕುದುರೆಯನ್ನೂ ಪಳಗಿಸಿವೆ.
ಈಗ ಕುದುರೆ ಲಾಯದಲ್ಲಿಲ್ಲ.
ಅವನು ಸುಮ್ಮನೆ ಗಾಳಿಯಲ್ಲಿ ಹೆಬ್ಬೆರಳು ಮಡಿಸುತ್ತಾನೆ,
ಬಿಡುತ್ತಾನೆ.

ಅಜ್ಜನ ಕಲ್ವ ಹೊತ್ತು ಮೂರು ಮಹಡಿ ಹತ್ತಿಸಿದ್ದೆ,
ಭಸ್ಮ, ಚೂರ್ಣ, ಗುಳಿಗೆ ಎಲ್ಲ ಕಂಡ ಕಲ್ಲು.
ಖಲಂದರ್ ಸಾಹೇಬರು ಒಮ್ಮೆ ತಟ್ಟಿ ನೋಡಿ
‘ಇದು ಬೇಡಮ್ಮ’ ಎಂದರು,
‘ಕಲ್ಲು ಒಳಗೊಳಗೇ ಕಿಡಿ ಇಟ್ಟುಕೊಂಡಿರುತ್ತದೆ.’
ಶಿವಾಜಿನಗರದ ಓಣಿಯಲ್ಲಿ ಅರವತ್ತು ವರ್ಷ
ಊರವರ ಕೋವಿಗಳ ಗಂಟಲು ನೋಡಿದ ಮನುಷ್ಯ.
ಅಳತೆ ಎಷ್ಟು ಸಾಹೇಬರೇ ಎಂದರೆ
ಬಾಯಿ ಬಿಡುವುದಿಲ್ಲ.
ಎಡಗೈ ಎತ್ತಿ ತೋರಿಸುತ್ತಾರೆ:
ತೋರುಬೆರಳಿಲ್ಲ, ನಡುಬೆರಳಿಲ್ಲ.
ಇಷ್ಟು, ಎನ್ನುತ್ತಾರೆ.

ಗಂಧಕದ ವಾಸನೆಗೆ ಕೆಳಮನೆಯ ಬಾಡಿಗೆಯವರು ಫೋನು ಮಾಡಿ
ಪೊಲೀಸು ಬಂದ.
ರಸೀತಿ ಬರೆದಿದ್ದ ಅದೇ ಚಿಕ್ಕಲಿಂಗಯ್ಯ.
‘ಏನಿದು?’
ಮದ್ದು.
‘ಯಾರಿಗೆ ಹುಷಾರಿಲ್ಲ?’
ನಾಲ್ವರೂ ಒಬ್ಬರನ್ನೊಬ್ಬರು ನೋಡಿಕೊಂಡೆವು.
ನೋಡಿದರೆ ನಾಲ್ವರಿಗೂ ಇರಲಿಲ್ಲ.
‘ನಿಮ್ಮ ಠಾಣೆಯಲ್ಲಿ ಮಲಗಿದೆಯಲ್ಲ, ಅದಕ್ಕೆ’ ಎಂದ ಮಂದಪ್ಪ.

ಅವನು ನಗಲಿಲ್ಲ.
ಲೈಸೆನ್ಸ್ ಪುಸ್ತಕ ಮೂರು ಸಲ ತಿರುವಿದ,
ಡಬ್ಬಿ ಮೂಸಿದ, ಸೀನಿದ, ಟೀ ಕುಡಿದ.
ಮೆಟ್ಟಿಲಿಳಿಯುವಾಗ ಗೋಡೆಗೆ ಹೇಳುವ ಹಾಗೆ ಹೇಳಿದ:
‘ವಾರಕ್ಕೊಮ್ಮೆ ಎಣ್ಣೆ ಬಟ್ಟೆಯಲ್ಲಿ ಒರೆಸುತ್ತಿದ್ದೇನೆ.
ನಮ್ಮ ಸಾಹೇಬರಿಗೆ ಗೊತ್ತಿಲ್ಲ.’

ಮತದಾನದ ದಿನ
ಸರ್ಕಾರಿ ಶಾಲೆಯ ಬೆಂಚಿನ ಹಿಂದೆ ಕೂತ ಹುಡುಗಿ
ಶಾಯಿಯ ಕಡ್ಡಿ ಹಿಡಿದು
ಖಲಂದರ್ ಸಾಹೇಬರ ಎಡಗೈಯಲ್ಲಿ ಬೆರಳು ಹುಡುಕಿದಳು.
ಕೊನೆಗೆ ಉಂಗುರಬೆರಳಿಗೆ ಗೆರೆ ಎಳೆದಳು.

ಎಣಿಕೆಯ ಸಂಜೆ
ಗೆದ್ದವರ ಪಟಾಕಿಗೆ ಯಶವಂತಪುರ ಕಿವುಡಾಗಿತ್ತು.
ನಾವು ಹಂಚಿನ ಚೂರಿನ ಮೇಲೆ ಒಂದು ಚಿಟಿಕೆ ಇಟ್ಟು
ಊದುಬತ್ತಿ ತಾಗಿಸಿದೆವು.
ಸದ್ದಿಲ್ಲ.
ಒಂದು ಉಸಿರು, ಅಷ್ಟೆ, ಯಾರೋ ಬಹಳ ಹೊತ್ತು ಕಟ್ಟಿದ್ದು.
ಬಿಳಿ ಹೊಗೆ ನೀರಿನ ಟ್ಯಾಂಕಿಗೆ ಮುಟ್ಟಿ
ದಾರಿ ಮರೆತಂತೆ ನಿಂತಿತು.

ಸಾಹೇಬರು ಬಗ್ಗಿ ಹಂಚು ಒರೆಸಿ
ಬೆರಳನ್ನು ಬೆಳಕಿಗೆ ಹಿಡಿದರು.
ಹಿಡಿದದ್ದು ಅದೇ ಬೆರಳು.
ಉಗುರಿನ ಮೇಲೆ ಹೋಗದ ಕಪ್ಪು,
ತುದಿಯಲ್ಲಿ ಈಗ ತಾನೇ ಹತ್ತಿದ ಕಪ್ಪು.

‘ಕೊಳೆ ಉಳಿದಿದೆ’ ಎಂದರು.
‘ಇನ್ನೂ ಅರೆಯಬೇಕು.’